ಸಾವಿರ ಹುಣ್ಣಿಮೆ ಕಂಡವರು

ಸಹಸ್ರ ಚಂದ್ರ ದರ್ಶನ ಶಾಂತಿಯ ಲೆಕ್ಕ ಹಾಕಿ ನೋಡಿ. ಹುಣ್ಣಿಮೆಯಿಂದ ಹುಣ್ಣಿಮೆಗೆ ಇಪ್ಪತ್ತೊಂಬತ್ತೂವರೆ ದಿನ. ಸಾವಿರ ಹುಣ್ಣಿಮೆ ಕಾಣಬೇಕಾದರೆ ಹತ್ತಿರ ಹತ್ತಿರ 81 ವರ್ಷ ಬದುಕಬೇಕು. ಇವತ್ತು ಇಂಥ ಶಾಂತಿಯ ಕರೆಯೋಲೆ ಬಂದರೆ ಯಾರೂ ಹುಬ್ಬೇರಿಸುವುದಿಲ್ಲ. ನನಗೆ ಮಾತ್ರ ಪ್ರತಿಸಲವೂ ಮೈ ಜುಮ್ಮೆನ್ನುತ್ತದೆ.

1911ರಿಂದ 1921ರವರೆಗಿನ ದಶಕದಲ್ಲಿ ಭಾರತೀಯರ ಸರಾಸರಿ ಆಯಸ್ಸು ಇಪ್ಪತ್ತರ ಆಸುಪಾಸಿನಲ್ಲಿತ್ತು. ಎಲ್ಲರೂ ಇಪ್ಪತ್ತಕ್ಕೇ ತೀರಿಹೋದರು ಎಂದಲ್ಲ; ತೊಟ್ಟಿಲಲ್ಲೇ ಕಣ್ಮುಚ್ಚಿದ ಕೂಸುಗಳು ಆ ಸರಾಸರಿಯನ್ನು ಅಷ್ಟು ಕೆಳಗಿಳಿಸಿದ್ದವು. ಹಾಗಂತ ಬದುಕುಳಿದು ದೊಡ್ಡವರಾದವರೂ ನಿಶ್ಚಿಂತರಲ್ಲ. 1918ರ ಇನ್‌ಫ್ಲುಯೆಂಜಾ ಹೆಚ್ಚಾಗಿ ಕೊಂಡೊಯ್ದದ್ದು ದುಡಿಯುವ ವಯಸ್ಸಿನವರನ್ನು, ಹಾಲುಣಿಸುವ ತಾಯಂದಿರನ್ನು. ದೇಶದ ಜನಸಂಖ್ಯೆ ಇಳಿದದ್ದು 1921ರ ಆ ಒಂದೇ ಜನಗಣತಿಯಲ್ಲಿ. ಅದಕ್ಕೂ ಮುಂಚೆ, 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಬಂದಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಜನ ಪಾತ್ರೆಪಗಡ ಹೊತ್ತು ಊರಾಚೆ ಗುಡಿಸಲು ಹಾಕುತ್ತಿದ್ದರು. ಬಸವನಗುಡಿ, ಮಲ್ಲೇಶ್ವರಗಳ ಅಗಲ ಬೀದಿಗಳು ಆ ಭಯದ ನೆರಳಲ್ಲೇ ಬೆಳೆದವು. ಪ್ಲೇಗಿನ ಮಾರಮ್ಮನಿಗೆ ಗುಡಿಗಳೆದ್ದವು.

ಹಳೆಯ ವಂಶವೃಕ್ಷಗಳನ್ನು ಬಿಡಿಸಿ ನೋಡಿ. ಒಬ್ಬ ಮುತ್ತಜ್ಜನಿಗೆ ಇಬ್ಬರು ಹೆಂಡಿರಿದ್ದರೆ ಎಷ್ಟೋ ಸಲ ಮೊದಲನೆಯಾಕೆ ಬಾಣಂತನದಲ್ಲೇ ಹೋಗಿರುತ್ತಾಳೆ. ಅವಳ ಹೆಸರಿನ ಮುಂದೆ ಇಸವಿಯೂ ಇರುವುದಿಲ್ಲ.

ಈಗ ನಮ್ಮ ಸರಾಸರಿ ಆಯಸ್ಸು ಎಪ್ಪತ್ತರ ಹತ್ತಿರ. ನೂರೇ ವರ್ಷದಲ್ಲಿ! ಸಿಡುಬು 1975ರಲ್ಲಿ ಈ ನೆಲ ಬಿಟ್ಟಿತು. ಕಾಲರಾ ಊರಿಗೂರನ್ನೇ ಬರಿದು ಮಾಡುವುದು ನಿಂತಿತು. ಇದನ್ನು ಸಾಧಿಸಿದ್ದು ಒಬ್ಬ ಮಹಾತ್ಮನಲ್ಲ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದವರು, ಲಸಿಕೆಯ ಪೆಟ್ಟಿಗೆ ಹಿಡಿದು ಕೆಸರುದಾರಿ ತುಳಿದವರು, ಹೆರಿಗೆಗೆ ನಡುರಾತ್ರಿ ಎದ್ದುಬಂದ ದಾದಿಯರು. ಅವರಲ್ಲಿ ಯಾರ ಹೆಸರೂ ನಮಗೆ ಗೊತ್ತಿಲ್ಲ, ಅವರು ಉಳಿಸಿದ ಆಯಸ್ಸನ್ನು ಮಾತ್ರ ನಾವು ಉಣ್ಣುತ್ತಿದ್ದೇವೆ.

ಸಾವು ಸೋತಿಲ್ಲ, ಬರುವ ದಾರಿ ಬದಲಿಸಿದೆ. 1990ರಲ್ಲಿ ದೇಶದ ಸಾವುಗಳಲ್ಲಿ ಹೃದ್ರೋಗ, ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ಅಂಟದ ರೋಗಗಳ ಪಾಲು ನೂರಕ್ಕೆ 38ರಷ್ಟಿತ್ತು. 2016ರ ಹೊತ್ತಿಗೆ 62 ಆಯಿತು. ಇಲಿ ಬಿದ್ದದ್ದು ಕಣ್ಣಿಗೆ ಕಾಣುತ್ತಿತ್ತು, ಓಡಿಹೋಗಲು ಒಂದು ಬಯಲಿತ್ತು. ಬಿಪಿ ಏರಿದ್ದು ಕಾಣುವುದಿಲ್ಲ. ನೋವಿಲ್ಲ, ಜ್ವರವಿಲ್ಲ, ನಲವತ್ತೈದರ ಮನುಷ್ಯ ಬೆಳಿಗ್ಗೆ ಸ್ನಾನಕ್ಕೆ ಹೋದವನು ಹೊರಗೆ ಬರುವುದಿಲ್ಲ.

ಬಿಪಿ, ಸಕ್ಕರೆ ಕಾಯಿಲೆಗಳನ್ನು ಮೊದಲೇ ಹಿಡಿಯುವ ಉಪಾಯ ತೋಳಿಗೆ ಸುತ್ತುವ ಒಂದು ಪಟ್ಟಿ, ಬೆರಳ ತುದಿಯ ಒಂದು ಹನಿ ರಕ್ತ. ಮೂವತ್ತು ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ತಪಾಸಣೆ ಉಚಿತ. ಈ ವಾರವೇ ಹೋಗಿ ಬನ್ನಿ, ಮನೆಯವರನ್ನೂ ಕರೆದುಕೊಂಡು.