ಬಂದ ದಾರಿಯಲ್ಲೇ ಹೋಗಲಿ

ಬಿಹಾರದ ಖಗಡಿಯಾ ಜಿಲ್ಲೆಯ ಒಬ್ಬ ಮನುಷ್ಯನ ಖಾತೆಗೆ 2021ರಲ್ಲಿ ಐದೂವರೆ ಲಕ್ಷ ರೂಪಾಯಿ ಬಂದು ಬಿತ್ತು. ಗ್ರಾಮೀಣ ಬ್ಯಾಂಕಿನವರ ಕೈತಪ್ಪು. ನೋಟಿಸಿನ ಮೇಲೆ ನೋಟಿಸು ಬಂದರೂ ಆತ ಜಗ್ಗಲಿಲ್ಲ. ಪ್ರಧಾನಿ ಎಲ್ಲರ ಖಾತೆಗೂ ಹದಿನೈದು ಲಕ್ಷ ಹಾಕುತ್ತಾರೆ ಎಂಬ ಮಾತಿತ್ತಲ್ಲ, ಇದು ಅದರ ಮೊದಲ ಕಂತು ಅಂದುಕೊಂಡೆ, ಖರ್ಚು ಮಾಡಿಬಿಟ್ಟೆ, ಈಗ ಖಾತೆಯಲ್ಲಿ ಏನೂ ಉಳಿದಿಲ್ಲ ಎಂದುಬಿಟ್ಟ. ಪೊಲೀಸರು ಬಂಧಿಸಿದರು. ಸುದ್ದಿ ಓದಿ ದೇಶವೇ ನಕ್ಕಿತು.

ನನಗೆ ಅಷ್ಟೇನೂ ನಗು ಬರಲಿಲ್ಲ. ಹೇಳದೆ ಕೇಳದೆ ಖಾತೆಗೆ ದುಡ್ಡು ಬೀಳುವುದು ನಮ್ಮಲ್ಲೂ ಈಗ ದಿನನಿತ್ಯದ ಸಂಗತಿ. ಗೃಹಲಕ್ಷ್ಮಿಯ ಎರಡು ಸಾವಿರ ಒಂದೆರಡು ತಿಂಗಳು ತಪ್ಪುತ್ತದೆ, ಆಮೇಲೆ ಕಂತುಗಳು ಒಟ್ಟಿಗೆ ಬಂದು ಬೀಳುತ್ತವೆ. ಪಿಎಂ ಕಿಸಾನ್ ಹಣ ನಾಲ್ಕು ತಿಂಗಳಿಗೊಮ್ಮೆ ಬರುತ್ತದೆ. ಇಂಥ ಹಣ ಹೋಗುವುದು ನಾವು ಅರ್ಜಿಯಲ್ಲಿ ಬರೆದ ಖಾತೆಗಲ್ಲ, ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹಾಗಾಗಿ ಮರೆತೇಹೋದ ಒಂದು ಪಾಸ್‌ಬುಕ್ಕಿನಲ್ಲಿ ಕಂತಿನ ಮೇಲೆ ಕಂತು ಕೂತಿರುವುದೂ ಉಂಟು. ಇದಕ್ಕೆ ಒಗ್ಗಿಹೋದ ಮನಸ್ಸಿಗೆ, ಬಿದ್ದದ್ದೆಲ್ಲ ನನ್ನ ಪಾಲಿನದೇ ಅನ್ನಿಸಿದರೆ ಅದನ್ನು ಬರೀ ದುರಾಸೆ ಎನ್ನಲಾಗದು.

ಆದ್ದರಿಂದ ಮೊದಲ ಕೆಲಸ, ಬಂದದ್ದು ಎಲ್ಲಿಂದ ಎಂದು ಓದುವುದು. ಪಾಸ್‌ಬುಕ್ಕಿನ ಆ ಸಾಲಿನಲ್ಲಿ ಮೊತ್ತದ ಪಕ್ಕಕ್ಕೆ ಒಂದಿಷ್ಟು ಒಗಟಿನಂಥ ಅಕ್ಷರಗಳಿರುತ್ತವೆ, ಯಾರೂ ಅವನ್ನು ನೋಡುವುದಿಲ್ಲ. ಉಳಿತಾಯ ಖಾತೆಯ ಬಡ್ಡಿ, ಅವಧಿ ಮುಗಿದ ಠೇವಣಿ, ಆದಾಯ ತೆರಿಗೆಯ ರೀಫಂಡ್, ಅಪ್ಪ ಯಾವ ಕಾಲದಲ್ಲೋ ಕೊಂಡಿದ್ದ ಷೇರಿನ ಡಿವಿಡೆಂಡ್, ಎಲ್ಲದರ ಗುರುತೂ ಅಲ್ಲಿರುತ್ತದೆ. ಯುಪಿಐನಲ್ಲಿ ಬಂದಿದ್ದರೆ ಹನ್ನೆರಡು ಅಂಕಿಯ ಒಂದು ಉಲ್ಲೇಖ ಸಂಖ್ಯೆ, ನೆಫ್ಟ್‌ನಲ್ಲಿ ಬಂದಿದ್ದರೆ ಯುಟಿಆರ್ ನಂಬರು. ಗುರುತು ಸಿಕ್ಕರೆ ಸಂತೋಷ, ಅನುಭವಿಸಿ. ಸಿಗದಿದ್ದರೆ ಮುಂದಿನ ಮಾತು.

ಕಾನೂನಿಗೆ ಈ ವಿಷಯದಲ್ಲಿ ಗೊಂದಲವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 72ನೇ ಸೆಕ್ಷನ್, ತಪ್ಪಿನಿಂದ ಸಂದಾಯವಾದ ಹಣವನ್ನು ಪಡೆದವನು ವಾಪಸು ಕೊಡಬೇಕು ಎನ್ನುತ್ತದೆ. ಇದು ಸಿವಿಲ್ ಬಾಧ್ಯತೆ. ಕ್ರಿಮಿನಲ್ ಬಾಧ್ಯತೆಯ ಕಥೆ ಇನ್ನೂ ಸ್ವಾರಸ್ಯದ್ದು. 1860ರ ದಂಡಸಂಹಿತೆಯ 403ನೇ ಸೆಕ್ಷನ್ ಬರೆದವರು ಎರಡು ಪುಟ್ಟ ಉದಾಹರಣೆ ಕೊಟ್ಟಿದ್ದರು. ರಸ್ತೆಯಲ್ಲಿ ಒಬ್ಬನಿಗೆ ಒಂದು ರೂಪಾಯಿ ಸಿಗುತ್ತದೆ, ಯಾರದೆಂದು ಗೊತ್ತಿಲ್ಲ, ಎತ್ತಿಕೊಳ್ಳುತ್ತಾನೆ. ಅದು ಅಪರಾಧವಲ್ಲ. ಇನ್ನೊಬ್ಬನಿಗೆ ರಸ್ತೆಯಲ್ಲಿ ಒಂದು ಕಾಗದ ಸಿಗುತ್ತದೆ, ಒಳಗೆ ಬ್ಯಾಂಕ್ ನೋಟಿದೆ, ವಿಳಾಸ ಓದಿದರೆ ಯಾರದೆಂದು ತಿಳಿಯುತ್ತದೆ. ನೋಟು ಇಟ್ಟುಕೊಂಡರೆ ಅಪರಾಧಿ. ನೂರಾ ಅರವತ್ತು ವರ್ಷದ ಹಿಂದಿನ ಈ ಉದಾಹರಣೆ ಇಂದಿನ ಮೊಬೈಲ್ ಬ್ಯಾಂಕಿಂಗಿಗೆ ಎಷ್ಟು ಸರಿಯಾಗಿ ಹೊಂದುತ್ತದೆ ನೋಡಿ. ಖಾತೆಗೆ ಬಂದ ಹಣ ಎಂದೂ ಬೀದಿಯಲ್ಲಿ ಬಿದ್ದ ಒಂಟಿ ರೂಪಾಯಿಯಲ್ಲ, ಅದು ಯಾವಾಗಲೂ ವಿಳಾಸ ಬರೆದ ಲಕೋಟೆಯೊಳಗೇ ಬರುತ್ತದೆ. ಗೊತ್ತಿರಲಿಲ್ಲ ಎಂಬ ಮಾತು ಅಲ್ಲಿ ಹೆಚ್ಚು ಹೊತ್ತು ನಿಲ್ಲದು. ಈಗ ಅದೇ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್. ಆರು ತಿಂಗಳಿಗೆ ಕಡಿಮೆಯಿಲ್ಲದಂತೆ ಎರಡು ವರ್ಷದವರೆಗೆ ಸೆರೆ, ಜೊತೆಗೆ ದಂಡ. ಹಣ ಬಂದು ಬಿದ್ದದ್ದಕ್ಕೆ ಯಾರೂ ನಮ್ಮನ್ನು ದೂರುವುದಿಲ್ಲ. ತಿಳಿದ ಮೇಲೂ ನಮ್ಮದೆಂದು ಬಳಸಿದ ಗಳಿಗೆಯಿಂದ ಲೆಕ್ಕ ಶುರು.

ತಪ್ಪು ಮಾಡುವವರು ಸಣ್ಣ ಬ್ಯಾಂಕಿನ ಗುಮಾಸ್ತರಷ್ಟೇ ಅಲ್ಲ. 2023ರ ನವೆಂಬರ್ 10ರಿಂದ 13ರವರೆಗೆ, ಸರಿಯಾಗಿ ದೀಪಾವಳಿಯ ದಿನಗಳಲ್ಲಿ, ಯೂಕೋ ಬ್ಯಾಂಕಿನ ಐಎಂಪಿಎಸ್ ವ್ಯವಸ್ಥೆ ಕೆಟ್ಟು ಸುಮಾರು 820 ಕೋಟಿ ರೂಪಾಯಿ ಗ್ರಾಹಕರ ಖಾತೆಗಳಿಗೆ ಹರಿಯಿತು. ಬೇರೆ ಬ್ಯಾಂಕುಗಳಿಂದ ಕಳಿಸಿದವರ ಖಾತೆಯಲ್ಲಿ ಒಂದು ಪೈಸೆಯೂ ಕಡಿತವಾಗಿರಲಿಲ್ಲ, ಇಲ್ಲಿ ಮಾತ್ರ ಜಮೆಯಾಗಿತ್ತು. ಲಕ್ಷ್ಮೀಪೂಜೆಯ ಹೊತ್ತಿಗೆ ಲಕ್ಷ್ಮಿ ಬಂದಳೆಂದು ಕೆಲವರು ಹಣ ತೆಗೆದೂ ಬಿಟ್ಟರು. ಬ್ಯಾಂಕು ಕೆಲವೇ ದಿನಗಳಲ್ಲಿ 649 ಕೋಟಿ ವಾಪಸು ಪಡೆಯಿತು. ಉಳಿದದ್ದರ ಜಾಡು ಹಿಡಿದ ಸಿಬಿಐ ಕೋಲ್ಕತ್ತದಲ್ಲೂ ನಮ್ಮ ಮಂಗಳೂರಿನಲ್ಲೂ ಶೋಧ ನಡೆಸಿತು. ಅದಕ್ಕೂ ಎರಡು ವರ್ಷ ಮೊದಲು ಬಿಹಾರದ ಕಟಿಹಾರದಲ್ಲಿ ಸಮವಸ್ತ್ರದ ಹಣ ಬಂತೇ ಎಂದು ನೋಡಲು ಹೋದ ಇಬ್ಬರು ಶಾಲಾ ಹುಡುಗರಿಗೆ ಖಾತೆಯಲ್ಲಿ ಒಂಬೈನೂರು ಕೋಟಿಗೂ ಹೆಚ್ಚು ಹಣ ಕಂಡಿತ್ತು. ನಿಜವಾಗಿ ಅಷ್ಟು ಹಣ ಅಲ್ಲಿರಲೇ ಇಲ್ಲ, ಪರದೆಯ ಮೇಲಿನ ಅಂಕಿಯಷ್ಟೇ ತಪ್ಪು ಎಂದು ಬ್ಯಾಂಕು ಹೇಳಿತು. ಆ ಹುಡುಗರಿಗೆ ಸಮವಸ್ತ್ರದ ದುಡ್ಡು ಸಿಕ್ಕಿತೋ ಇಲ್ಲವೋ, ಅದನ್ನು ಯಾವ ಪತ್ರಿಕೆಯೂ ಅಷ್ಟು ದೊಡ್ಡಕ್ಷರದಲ್ಲಿ ಬರೆದದ್ದು ನಾನು ಕಾಣೆ.

ಇನ್ನು ನ್ಯೂಯಾರ್ಕಿನ ಸಿಟಿ ಬ್ಯಾಂಕ್. 2020ರ ಆಗಸ್ಟ್‌ನಲ್ಲಿ ರೆವ್ಲಾನ್ ಎಂಬ ಪ್ರಸಾಧನ ಕಂಪನಿಯ ಸಾಲಕ್ಕೆ ಎಂಬತ್ತು ಲಕ್ಷ ಡಾಲರಿನ ಆಸುಪಾಸಿನ ಬಡ್ಡಿ ಕಟ್ಟಲು ಹೋಗಿ, ಸುಮಾರು ತೊಂಬತ್ತು ಕೋಟಿ ಡಾಲರ್ ಕಳಿಸಿಬಿಟ್ಟಿತು. ಪರದೆಯ ಮೇಲೆ ಮೂರು ಚೌಕಗಳಿಗೆ ಗುರುತು ಹಾಕಬೇಕಿದ್ದಲ್ಲಿ ಒಂದಕ್ಕೇ ಹಾಕಿದ್ದರು, ಮೂವರು ನೋಡಿ ಸರಿಯೆಂದಿದ್ದರು. ಪಡೆದವರಲ್ಲಿ ಕೆಲವರು ಸುಮಾರು ಐವತ್ತು ಕೋಟಿ ಡಾಲರನ್ನು ಕೊಡುವುದಿಲ್ಲ ಎಂದು ಕೂತರು. ನಮಗೆ ಬರಬೇಕಿದ್ದ ಸಾಲವೇ ತಾನೇ ಎಂದು ವಾದಿಸಿದರು. 2021ರಲ್ಲಿ ಒಬ್ಬ ನ್ಯಾಯಾಧೀಶರು ಅದನ್ನು ಒಪ್ಪಿಯೂಬಿಟ್ಟರು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಖಗಡಿಯಾದವನೂ ಇವರೂ ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು, ನಮಗೆ ಬರಬೇಕಾದದ್ದು ಬಂತು ಅಂತ. ಇವರಿಗೆ ವಕೀಲರಿದ್ದರು.

ಇಷ್ಟರವರೆಗೆ ದುರಾಸೆಯ ವಿಷಯ. ಅದರ ಬಗ್ಗೆ ನಮಗೆ ಎಚ್ಚರಿಕೆ ಹೇಳಲು ಅಜ್ಜಿಯಂದಿರೇ ಸಾಕು. ಪರರ ಸೊತ್ತು ಪಾಷಾಣ ಎಂದು ಕೇಳುತ್ತಲೇ ಬೆಳೆದವರು ನಾವು. ಇವತ್ತಿನ ಅಪಾಯ ಬೇರೆ ಕಡೆ ಇದೆ. ಯಾರದೋ ದುಡ್ಡು ಒಂದು ನಿಮಿಷವೂ ನನ್ನ ಹತ್ತಿರ ಇರಬಾರದು ಎಂದು ಚಡಪಡಿಸುವ ಪ್ರಾಮಾಣಿಕರನ್ನೇ ಹುಡುಕಿಕೊಂಡು ಬರುವವರಿದ್ದಾರೆ.

ಫೋನು ಬರುತ್ತದೆ. ಧ್ವನಿಯಲ್ಲಿ ಅಳು. ‘ಅಣ್ಣಾ, ಆಸ್ಪತ್ರೆಗೆ ಕಟ್ಟಬೇಕಿದ್ದ ದುಡ್ಡು, ಒಂದು ನಂಬರ್ ತಪ್ಪಿ ನಿಮಗೆ ಬಂದುಬಿಟ್ಟಿದೆ, ಈಗಲೇ ಈ ನಂಬರಿಗೆ ಹಾಕಿಬಿಡಿ, ದೇವರು ಒಳ್ಳೇದು ಮಾಡ್ತಾನೆ.’ ಎಷ್ಟೋ ಸಲ ಹಣವೇ ಬಂದಿರುವುದಿಲ್ಲ. ಬ್ಯಾಂಕಿನ ಧಾಟಿಯಲ್ಲಿ ಬರೆದ ಒಂದು ಸುಳ್ಳು ಮೆಸೇಜು, ಅದೂ ಮಾಮೂಲಿ ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದಿರುತ್ತದೆ. ಮೆಸೇಜು ನೋಡಿದ್ದೇ ನಂಬಿ ಕಳಿಸಿದರೆ ಹೋದದ್ದು ನಮ್ಮ ಸ್ವಂತ ದುಡ್ಡು. ಬ್ಯಾಂಕಿನ ಆಪ್‌ನಲ್ಲಿ ಬ್ಯಾಲೆನ್ಸ್ ನೋಡದೆ ಯಾವ ಮಾತೂ ಆಡಬಾರದು. ಕೆಲವರು ಚಿಲ್ಲರೆ ಮೊತ್ತ ಹಾಕಿ, ಹಿಂದೆಯೇ ದೊಡ್ಡ ಮೊತ್ತ ಕೇಳುವ ‘ರಿಕ್ವೆಸ್ಟ್’ ಕಳಿಸಿ, ಗಡಿಬಿಡಿಯಲ್ಲಿ ಪಿನ್ ಒತ್ತಿಸಿಕೊಳ್ಳುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಯನ್ನು ಯುಪಿಐ ನಡೆಸುವ ಎನ್‌ಪಿಸಿಐ 2025ರ ಅಕ್ಟೋಬರ್‌ನಿಂದ ನಿಲ್ಲಿಸಿದೆ. ಆದರೂ ಹಣ ಪಡೆಯಲು ಪಿನ್ ಬೇಕಿಲ್ಲ ಎಂಬುದು ಇನ್ನೂ ಎಷ್ಟೋ ಜನರ ತಲೆಗೆ ಇಳಿದಿಲ್ಲ.

ಹಣ ನಿಜವಾಗಿ ಬಂದಿದ್ದರೆ ತೊಡಕು ಇನ್ನೂ ಹೆಚ್ಚು. ಅದು ಫೋನು ಮಾಡಿದವನದೇ ಆಗಿರಬೇಕೆಂದೇನಿಲ್ಲ. ಎಲ್ಲೋ ಒಬ್ಬರನ್ನು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಕಿತ್ತ ಹಣ ನಿಮ್ಮ ಖಾತೆಗೆ ಬಂದಿರಬಹುದು. ಅದನ್ನು ನೀವು ಅವನು ಹೇಳಿದ ಇನ್ನೊಂದು ನಂಬರಿಗೆ ದಾಟಿಸಿದರೆ, ಕಳ್ಳಹಣ ಸಾಗಿಸುವ ಸರಪಳಿಯಲ್ಲಿ ನೀವೂ ಒಂದು ಕೊಂಡಿ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುತ್ತಾರೆ, ದೂರು ಬ್ಯಾಂಕಿನಿಂದ ಬ್ಯಾಂಕಿಗೆ ಹಣದ ಹೆಜ್ಜೆ ಹಿಡಿದು ಬರುತ್ತದೆ, ನಿಮ್ಮ ಖಾತೆ ಸಿಕ್ಕಾಗ ನಿಲ್ಲುತ್ತದೆ. ಕಳ್ಳಹಣ ದಾಟಿಸಲು ಬಳಸುವ ಇಂಥ ಬಾಡಿಗೆ ಖಾತೆಗಳನ್ನು ಹಿಡಿಯಲೆಂದೇ ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ‘ಮ್ಯೂಲ್‌ಹಂಟರ್’ ಎಂಬ ತಂತ್ರಾಂಶ ಮಾಡಿದೆ. ಮೂರನೆಯವನ ಖಾತೆಗೆ ದಯೆಯಿಂದ ಕಳಿಸಿದ್ದು, ಕಮಿಷನ್ ತಿಂದು ಕಳಿಸಿದ್ದು, ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ಥರ ಕಾಣುತ್ತವೆ.

ಖಾತೆ ‘ಫ್ರೀಜ್’ ಆದವರ ಪಾಡು ನೋಡಿದವರಿಗೇ ಗೊತ್ತು. ತರಕಾರಿ ಅಂಗಡಿಯ ಕ್ಯೂಆರ್ ಕೋಡಿಗೆ ಯಾರೋ ವಂಚಕ ಇನ್ನೂರು ರೂಪಾಯಿ ಹಾಕಿ ಟೊಮೆಟೊ ಕೊಂಡೊಯ್ದಿರುತ್ತಾನೆ. ತಿಂಗಳಾದ ಮೇಲೆ ಇನ್ಯಾವುದೋ ರಾಜ್ಯದ ಪೊಲೀಸರ ಸೂಚನೆಯ ಮೇರೆಗೆ ಇಡೀ ಖಾತೆಗೆ ಬೀಗ. ಅಂಗಡಿಯವನು ಆ ಊರಿನ ಭಾಷೆ ತಿಳಿಯದೆ, ಠಾಣೆಯ ಫೋನ್ ನಂಬರು ಸಿಗದೆ ಅಲೆಯುತ್ತಾನೆ. ಕೇರಳ ಹೈಕೋರ್ಟ್ 2023ರಲ್ಲಿ ಇಂಥ ಪ್ರಕರಣಗಳಲ್ಲಿ ಅನುಮಾನದ ಮೊತ್ತವನ್ನಷ್ಟೇ ತಡೆಹಿಡಿಯಿರಿ, ಪೂರ್ತಿ ಖಾತೆಯನ್ನಲ್ಲ ಎಂದು ಹೇಳಿತು. ನ್ಯಾಯವಾದ ಮಾತು. ಆದರೆ ಕೋರ್ಟಿನ ಮಾತು ಶಾಖೆಯ ಕೌಂಟರಿಗೆ ತಲುಪುವಷ್ಟರಲ್ಲಿ ಮಂಡಿಯ ಬಾಕಿ, ಮಕ್ಕಳ ಫೀಸು ಎಲ್ಲ ತಲೆ ಮೇಲೆ ಕೂತಿರುತ್ತವೆ.

ಹಾಗಾದರೆ ನಿಜಕ್ಕೂ ನಂಬರು ತಪ್ಪಿ ಕಳಿಸಿದ ಬಡಪಾಯಿಯ ಗತಿ? ಅಂಥವರೂ ಇದ್ದಾರೆ. ಹಣ ಜಮೆ ಮಾಡುವಾಗ ಬ್ಯಾಂಕಿನ ಯಂತ್ರ ನೋಡುವುದು ಖಾತೆ ಸಂಖ್ಯೆಯನ್ನು ಮಾತ್ರ, ಹೆಸರನ್ನಲ್ಲ. ನೆಫ್ಟ್, ಆರ್‌ಟಿಜಿಎಸ್‌ಗಳಲ್ಲಿ ಕಳಿಸುವ ಮೊದಲೇ ಪಡೆಯುವವರ ಹೆಸರು ತೋರಿಸುವ ಸೌಲಭ್ಯವನ್ನು ಬ್ಯಾಂಕುಗಳು 2025ರ ಏಪ್ರಿಲ್ ಒಂದರೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳುವವರೆಗೂ ಒಂದಂಕಿ ತಪ್ಪಿದರೆ ಹಣ ಅಪರಿಚಿತರ ಪಾಲಾಗುತ್ತಿತ್ತು. ಹಾಗೆ ತಪ್ಪಿ ಕಳಿಸಿದವರಿಗೆ ಫೋನಿನಲ್ಲಿ ಹೇಳಬೇಕಾದ ಮಾತು ಸರಳ: ‘ನಿಮ್ಮ ಬ್ಯಾಂಕಿಗೆ ದೂರು ಕೊಡಿ, ಅವರು ನಮ್ಮ ಬ್ಯಾಂಕಿಗೆ ಬರೆಯಲಿ, ನಾನು ಒಪ್ಪಿಗೆಗೆ ಸಹಿ ಹಾಕುತ್ತೇನೆ.’ ಆಗ ಹಣ ಹೊರಟ ಖಾತೆಗೇ ಹಿಂದಿರುಗುತ್ತದೆ. ನಿಜವಾಗಿ ಕಳಕೊಂಡವರಿಗೆ ತಡವಾಗಬಹುದು, ಆದರೆ ಸಿಗುತ್ತದೆ. ವಂಚಕನಿಗೆ ಮಾತ್ರ ಈ ದಾರಿ ಉಪಯೋಗಕ್ಕೆ ಬಾರದು, ಅದಕ್ಕೇ ಅವನು ಬೈಯುತ್ತಾನೆ, ಹೆದರಿಸುತ್ತಾನೆ, ನೀವೇ ಕಳ್ಳರೆನ್ನುತ್ತಾನೆ. ಬೈಸಿಕೊಂಡರೆ ಏನೂ ಹೋಗುವುದಿಲ್ಲ.

ಅಲ್ಲಿಯವರೆಗೆ ಆ ಹಣ ಮುಟ್ಟದಂತೆ ನೋಡಿಕೊಳ್ಳುವುದು ಹೇಳಿದಷ್ಟು ಸುಲಭವಲ್ಲ. ನಾವು ಮುಟ್ಟದಿದ್ದರೂ ಐದನೇ ತಾರೀಖಿನ ಕಂತು ತಾನಾಗಿಯೇ ಮುಟ್ಟುತ್ತದೆ, ವಿಮೆಯ ಆಟೊಪೇ ಮುಟ್ಟುತ್ತದೆ. ಬಂದ ಮೊತ್ತದಷ್ಟು ಹಣ ಖಾತೆಯಲ್ಲಿ ಸದಾ ಉಳಿದಿರುವಂತೆ ಒಂದು ಕಣ್ಣಿಡಬೇಕು. ಇನ್ನೊಂದು, ಶಾಖೆಗೆ ಹೋಗಿ ಬಾಯಿಮಾತಿನಲ್ಲಿ ಹೇಳಿ ಬರಬಾರದು. ‘ಅರ್ಜಿ ಗಿರ್ಜಿ ಯಾಕ್ರೀ, ಹೇಳಿದ್ರಲ್ಲ, ನೋಡ್ತೀವಿ’ ಎಂದು ಕೌಂಟರಿನವರು ಸಮಾಧಾನದಿಂದ ಕಳಿಸಲು ನೋಡುತ್ತಾರೆ. ದಿನಾಂಕ, ಮೊತ್ತ, ಉಲ್ಲೇಖ ಸಂಖ್ಯೆ ಬರೆದ ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸ್ವೀಕೃತಿಯ ಸೀಲು ಬೀಳುವವರೆಗೆ ಕೌಂಟರು ಬಿಡಬೇಡಿ. ಊಟದ ಹೊತ್ತಾಯಿತು ಎಂದರೆ ಬೆಂಚಿನ ಮೇಲೆ ಕೂತಿರಿ, ಅರ್ಧ ಗಂಟೆಯ ಮಾತು.