ವಿನೋದವೂ ಕಾಯಕವೂ

ಶ್ರದ್ಧೆಯಿಂದ ಮಾಡುವ ಕೆಲಸವೆಲ್ಲವೂ ಕಾಯಕವಾಗುವುದೇ? ಯಾರ ಹೊಟ್ಟೆಯನ್ನೂ ತುಂಬದ, ಯಾರ ಕಷ್ಟವನ್ನೂ ನೀಗದ, ಕೇವಲ ಮಾಡುವವನ ಮನಸ್ಸಂತೋಷಕ್ಕಾಗಿಯೇ ನಡೆಯುವ ಕೈಗೆಲಸಕ್ಕೆ ಶರಣರ ಮಾರ್ಗದಲ್ಲಿ ಯಾವ ಸ್ಥಾನವಿದೆ? ಗೃಹಸ್ಥನಾದ ಭಕ್ತನಿಗೆ ಒಂದಲ್ಲ ಒಂದು ದಿನ ಎದುರಾಗುವ ಪ್ರಶ್ನೆಯಿದು. ಶಾಸ್ತ್ರವನ್ನು ಮುಂದಿಟ್ಟು ಉತ್ತರ ಹೇಳುವ ಅಧಿಕಾರ ನನಗಿಲ್ಲ. ನನ್ನದೇ ತಪ್ಪೊಂದರಿಂದ ನಾನು ಕಲಿತುದನ್ನು ಮಾತ್ರ ಇಲ್ಲಿ ನಿವೇದಿಸಿಕೊಳ್ಳುವೆನು.

ಉದ್ಯೋಗನಿಮಿತ್ತವಾಗಿ ಕೆಲವು ವರ್ಷ ನಾನು ಗುಂಡ್ಯದಲ್ಲಿ ನೆಲೆಸಿದ್ದೆನು. ಶಿರಾಡಿ ಘಟ್ಟವನ್ನಿಳಿದು ಮಂಗಳೂರಿಗೆ ಹೋಗುವವರೆಲ್ಲರೂ ಬಲ್ಲ ಊರು ಅದು. ಸುತ್ತಲೂ ಕಾಡು, ಕೆಳಗೆ ಹೊಳೆ, ಆ ಕಡೆಯ ಬೆಟ್ಟಸಾಲಿನಲ್ಲಿ ರೈಲುದಾರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರು ಘಟ್ಟದಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದಾದ ಹಾದಿ ಅದು. 1979ರಲ್ಲಿ ಮೀಟರ್ ಗೇಜಿನ ಹಳಿಯಾಗಿ ತೆರೆದ ಈ ಮಾರ್ಗವನ್ನು ಬ್ರಾಡ್ ಗೇಜಿಗೆ ಬದಲಿಸುವುದಕ್ಕಾಗಿ 1996ರಲ್ಲಿ ನಿಲ್ಲಿಸಿದರು. 2006ರಲ್ಲಿ ಮೊದಲು ಸಂಚಾರಕ್ಕೆ ಬಂದುದು ಗೂಡ್ಸ್ ಗಾಡಿಗಳೇ. ಜನರು ಪ್ರಯಾಣ ಮಾಡುವ ಗಾಡಿಗೆ 2007ರ ಡಿಸೆಂಬರಿನವರೆಗೂ ಕಾಯಬೇಕಾಯಿತು. ಮಳೆ ಬಿಟ್ಟ ರಾತ್ರಿಗಳಲ್ಲಿ ಗೂಡ್ಸ್ ಗಾಡಿಯ ಕೂಗೂ ಬ್ರೇಕಿನ ಕಿರುಚೂ ಕಾಡನ್ನು ದಾಟಿ ಬರುತ್ತಿದ್ದುವು. ಬಳ್ಳಾರಿ ಸೀಮೆಯ ಕಬ್ಬಿಣದ ಅದಿರನ್ನು ಹೊತ್ತು ಮಂಗಳೂರಿನ ಬಂದರಿಗೆ ಇಳಿಯುತ್ತಿದ್ದ ಆ ಕೆಂಗಂದು ಬಣ್ಣದ ಬಂಡಿಗಳನ್ನು ನೋಡನೋಡುತ್ತ, ಅವುಗಳ ಪ್ರತಿರೂಪವನ್ನು ಕೈಯಾರೆ ಮಾಡಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿತು.

ಇದು ಅಂಗಡಿಯ ಆಟಿಕೆಯನ್ನು ಕೊಂಡು ತಂದಿಡುವ ಕೆಲಸವಲ್ಲ. ನಿಜವಾದ ಬಂಡಿಯ ಪ್ರತಿಯೊಂದು ಅಳತೆಯನ್ನೂ ಎಂಬತ್ತೇಳರಲ್ಲಿ ಒಂದು ಪಾಲಿಗೆ ಇಳಿಸಿ ಮಾಡುವ ಒಂದು ಪದ್ಧತಿ ಲೋಕದಲ್ಲಿ ಬಹಳವಾಗಿ ರೂಢಿಯಲ್ಲಿದೆ. ಅದಿರು ಸಾಗಿಸುವ ‘ಬಾಕ್ಸ್‌ಎನ್’ ಎಂಬ ತೆರೆದ ಬಂಡಿ ಹತ್ತೂಮುಕ್ಕಾಲು ಮೀಟರಿಗೆ ತುಸು ಕಡಿಮೆ ಉದ್ದವಿರುತ್ತದೆ. ಈ ಲೆಕ್ಕದಲ್ಲಿ ಅದು 123 ಮಿಲಿಮೀಟರಾಗಿ ಅಂಗೈಯ ಮೇಲೆ ನಿಲ್ಲುತ್ತದೆ. ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನು ಕತ್ತರಿಸಿ ಪಕ್ಕದ ಗೋಡೆಗಳನ್ನು ನಿಲ್ಲಿಸಬೇಕು. ಗೋಡೆಗೆ ಬಲ ಕೊಡುವ ಪಟ್ಟಿಗಳನ್ನು ಎಣಿಸಿ ಅಂಟಿಸಬೇಕು. ಹಿತ್ತಾಳೆಯ ತಂತಿಯನ್ನು ಬಗ್ಗಿಸಿ ಬ್ರೇಕಿನ ಸರಳುಗಳನ್ನು ಮಾಡಬೇಕು. ಬಣ್ಣವನ್ನು ಒಂದೇ ಸಲಕ್ಕೆ ದಪ್ಪವಾಗಿ ಬಳಿದರೆ ಪಟ್ಟಿಗಳ ಅಂಚು ಮುಚ್ಚಿಹೋಗುವುದು. ಆದುದರಿಂದ ತೆಳುವಾಗಿ ಬಳಿದು, ಒಣಗಿಸಿ, ಮತ್ತೆ ಬಳಿಯಬೇಕು. ಇದಿಷ್ಟೂ ತಾಳ್ಮೆಯ ಕೆಲಸ. ಕೈ ನಡುಗಿದರೆ, ಮನಸ್ಸು ಓಡಿದರೆ, ಆಗಲೇ ಕೆಟ್ಟಿತು.

ಇದರಲ್ಲಿ ಸತ್ಯಾಸತ್ಯದ ಪ್ರಶ್ನೆಗಳೂ ಹೆಜ್ಜೆಹೆಜ್ಜೆಗೆ ಎದುರಾಗುತ್ತವೆ. ನಮ್ಮ ದೇಶದ ಬ್ರಾಡ್ ಗೇಜ್ ಹಳಿಗಳ ನಡುವಣ ಅಂತರ 1,676 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ ಹತ್ತೊಂಬತ್ತು ಮಿಲಿಮೀಟರಿಗಿಂತ ತುಸು ಹೆಚ್ಚಾಗುವುದು. ಆದರೆ ಅಂಗಡಿಯಲ್ಲಿ ದೊರೆಯುವ ಪುಟ್ಟ ಹಳಿಯ ಅಂತರ 16.5 ಮಿಲಿಮೀಟರು. ಏಕೆಂದರೆ ಅದು ಯುರೋಪು, ಅಮೆರಿಕಗಳ 1,435 ಮಿಲಿಮೀಟರಿನ ಹಳಿಗೆ ತಕ್ಕುದಾಗಿ ಮಾಡಿದ್ದು. ಇನ್ನು ತೂಕದ ಮಾತು. ಬರಿದಾದ ಬಂಡಿಯ ಇಪ್ಪತ್ತೆರಡೂವರೆ ಟನ್ನನ್ನು ಉದ್ದ, ಅಗಲ, ಎತ್ತರ ಮೂರರಲ್ಲಿಯೂ 87ರಿಂದ ಭಾಗಿಸುತ್ತ ಬಂದರೆ ಉಳಿಯುವುದು ಸುಮಾರು 34 ಗ್ರಾಂ. ಅಷ್ಟು ಹಗುರವಾದ ಬಂಡಿ ತಿರುವಿನಲ್ಲಿ ಹಳಿ ತಪ್ಪುವುದು. ಅಮೆರಿಕದ ಮಾದರಿ ರೈಲುಗಾರರ ಸಂಘ ಕೊಟ್ಟಿರುವ ಸೂತ್ರದಂತೆ ಇಷ್ಟು ಉದ್ದದ ಬಂಡಿಗೆ ಸುಮಾರು 97 ಗ್ರಾಂ ತೂಕವಿರಬೇಕು. ಆದುದರಿಂದ ತಳದಲ್ಲಿ ಸೀಸದ ತುಂಡನ್ನು ಅಡಗಿಸಿಡುವರು. ಕಡೆಗೆ, ಹೊಸ ಬಣ್ಣ ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯಿಂದಲೂ ಕಂದು ಬಣ್ಣದಿಂದಲೂ ತುಕ್ಕು, ಧೂಳು, ಮಳೆನೀರಿನ ಕಲೆಗಳನ್ನು ಬರೆದು, ನಿನ್ನೆ ಹುಟ್ಟಿದ ಬಂಡಿಯನ್ನು ಹತ್ತು ವರ್ಷ ಘಟ್ಟ ಹತ್ತಿಳಿದ ಬಂಡಿಯಂತೆ ತೋರಿಸುವರು.

ಇಲ್ಲದ ತುಕ್ಕನ್ನು ಬರೆಯುವುದು ಸುಳ್ಳಲ್ಲವೇ? ವೇಷವನ್ನು ನಮ್ಮ ಶರಣರು ಎಷ್ಟು ಕಠಿಣವಾಗಿ ಖಂಡಿಸಿದ್ದಾರೆಂಬುದು ವಾಚಕರಿಗೆ ತಿಳಿದೇ ಇದೆ. ನಾನು ಇದನ್ನು ಬಹಳ ದಿನ ಚಿಂತಿಸಿದೆನು. ನನಗೆ ತೋರಿದುದಿಷ್ಟು: ಶರಣರು ನಿಂದಿಸಿದುದು ಚಿತ್ರವನ್ನಲ್ಲ, ವಂಚನೆಯನ್ನು. ಇದು ಮಾದರಿಯೆಂದು ಮಾಡಿದವನೂ ಬಲ್ಲ, ನೋಡುವವನೂ ಬಲ್ಲ. ಅಲ್ಲಿ ಯಾರೂ ಮೋಸಹೋಗುವುದಿಲ್ಲ. ಹಳಿಯ ಅಂತರ ಸರಿಯಿಲ್ಲವೆಂಬುದನ್ನೂ ತಳದಲ್ಲಿ ಸೀಸವಿದೆಯೆಂಬುದನ್ನೂ ಕೇಳಿದವರಿಗೆ ಹೇಳಬಹುದು. ಒಳಗಿಲ್ಲದ ಭಕ್ತಿಯನ್ನು ಇದೆಯೆಂದು ನಂಬಿಸಿ, ಆ ನಂಬಿಕೆಯಿಂದ ಲಾಭ ಪಡೆಯುವವನ ವಿಭೂತಿ ಬೇರೆ, ಈ ತುಕ್ಕಿನ ಬಣ್ಣ ಬೇರೆ. ಒಪ್ಪಿಕೊಂಡ ಕೊರತೆ ಸುಳ್ಳಾಗುವುದಿಲ್ಲ, ಮುಚ್ಚಿಟ್ಟ ಕೊರತೆಯೇ ಸುಳ್ಳು.

ಹಾಗಾದರೆ ಮುಚ್ಚಿಡುವುದಕ್ಕೆ ಇಲ್ಲಿ ಅವಕಾಶವೇ ಇಲ್ಲವೇ? ಇದೆ. ನಮ್ಮ ದೇಶದ ಪ್ರತಿಯೊಂದು ಗೂಡ್ಸ್ ಬಂಡಿಯ ಮೈಮೇಲೆಯೂ ಹನ್ನೊಂದು ಅಂಕಿಗಳ ಸಂಖ್ಯೆಯೊಂದನ್ನು ಬರೆದಿರುತ್ತಾರೆ. ಮೊದಲಿನ ಎರಡು ಅಂಕಿ ಬಂಡಿಯ ಜಾತಿಯನ್ನೂ, ಮುಂದಿನೆರಡು ಅದರ ಒಡೆತನದ ರೈಲ್ವೆಯನ್ನೂ, ಆ ಮುಂದಿನೆರಡು ಹುಟ್ಟಿದ ವರ್ಷವನ್ನೂ, ನಂತರದ ನಾಲ್ಕು ಅದರ ಕ್ರಮಾಂಕವನ್ನೂ ತಿಳಿಸುತ್ತವೆ. ಹನ್ನೊಂದನೆಯದು ಉಳಿದ ಹತ್ತಕ್ಕೂ ಸಾಕ್ಷಿ. ಎರಡು, ನಾಲ್ಕು, ಆರು, ಎಂಟು, ಹತ್ತನೆಯ ಸ್ಥಾನಗಳ ಅಂಕಿಗಳನ್ನು ಕೂಡಿ ಮೂರರಿಂದ ಗುಣಿಸಿ, ಅದಕ್ಕೆ ಬೆಸ ಸ್ಥಾನಗಳ ಅಂಕಿಗಳನ್ನು ಸೇರಿಸಬೇಕು. ಬಂದ ಮೊತ್ತ ಮುಂದಿನ ಹತ್ತರ ಸಂಖ್ಯೆಗೆ ಎಷ್ಟು ಕಡಿಮೆಯೋ ಅಷ್ಟೇ ಹನ್ನೊಂದನೆಯ ಅಂಕಿ. ನಡುವೆ ಒಂದು ಅಂಕಿಯನ್ನು ತಪ್ಪಾಗಿ ಬರೆದರೂ ಕೊನೆಯದು ಅದನ್ನು ಹಿಡಿದುಕೊಡುವುದು. ನಾನು ಮಾಡಿದ ಮೊದಲನೆಯ ಬಂಡಿಯ ಮೇಲೆ ಈ ಲೆಕ್ಕ ಮಾಡದೆ, ಕೈಗೆ ಬಂದ ಹನ್ನೊಂದು ಅಂಕಿಗಳನ್ನು ಬರೆದುಬಿಟ್ಟಿದ್ದೆನು. ಯಾರು ಲೆಕ್ಕ ಹಾಕಿ ನೋಡುತ್ತಾರೆಂಬ ಧೈರ್ಯ.

ಆದರೆ ಬಂಡಿಯ ಅಡಿಮೈಯ ವಿಷಯದಲ್ಲಿ ಮಾತ್ರ ನನ್ನ ನಿಷ್ಠೆ ಅಪಾರವಾಗಿತ್ತು. ಬ್ರೇಕಿನ ಸಿಲಿಂಡರು, ಅದರಿಂದ ಗಾಲಿಗಳಿಗೆ ಹೋಗುವ ಸರಳುಗಳು, ಮೂಲೆಯ ಪುಟ್ಟ ಕೊಳವೆ ಇವೆಲ್ಲವೂ ಹಳಿಯ ಮೇಲಿಟ್ಟಾಗ ಕಣ್ಣಿಗೆ ಬೀಳುವುದೇ ಇಲ್ಲ. ಆದರೂ ಅವು ಇರಲೇಬೇಕೆಂಬುದು ನನ್ನ ಹಟ. ಅದಕ್ಕೆ ನಾನು ಹೇಳುತ್ತಿದ್ದ ಕಾರಣವೂ ಸಣ್ಣದಲ್ಲ. ಸುಮಾರು ಐವತ್ತೆಂಟು ಟನ್ನು ಅದಿರು ಹೊತ್ತ ಬಂಡಿಗಳ ಸಾಲು ಎಡಕುಮೇರಿಯ ಇಳಿಜಾರಿನಲ್ಲಿ ಇಳಿಯುವಾಗ ಅದನ್ನು ಕಾಪಾಡುವುದು ಮೇಲಿನ ಬಣ್ಣವಲ್ಲ, ಯಾರೂ ಬಗ್ಗಿ ನೋಡದ ಆ ಸರಳುಗಳೇ. ಹೀಗೆಂದು ಮನೆಯವರಿಗೆ ಎಷ್ಟೋ ಸಲ ಉಪದೇಶ ಮಾಡಿದ್ದುಂಟು.

ಆ ದಿನಗಳಲ್ಲಿ ನಾನು ಒಂದು ತೋಟದ ಉಗ್ರಾಣದ ಲೆಕ್ಕ ಬರೆಯುತ್ತಿದ್ದೆನು. ಲಾರಿಯಿಂದ ಇಳಿಸಿದ ಗೊಬ್ಬರದ ಮೂಟೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ಹೊರುವವರಿಗೆ ಕೂಲಿ ಮೂಟೆಯ ಲೆಕ್ಕದಲ್ಲಿ. ಆಷಾಢದ ಒಂದು ಮಳೆಯ ಮಧ್ಯಾಹ್ನ ನಾನು ಹೊರಗೆ ಹೋಗಿ ಎಣಿಸಲಿಲ್ಲ. ಬೆಚ್ಚಗೆ ಒಳಗೆ ಕುಳಿತು, ಪುಸ್ತಕದ ಹಿಂದಿನ ಹಾಳೆಯಲ್ಲಿ ಬ್ರೇಕಿನ ಸರಳಿನ ನಕ್ಷೆ ಬರೆಯುತ್ತಿದ್ದೆನು. ಮೇಸ್ತ್ರಿ ಬಾಗಿಲಿನಿಂದ ಕೂಗಿ ಹೇಳಿದ ಸಂಖ್ಯೆಯನ್ನೇ ಬರೆದು ಸಹಿ ಹಾಕಿದೆನು. ಸಂಜೆ ಹಮಾಲಿಗಳಲ್ಲಿ ಹಿರಿಯನೊಬ್ಬನು ಬಂದು ಹನ್ನೆರಡು ಮೂಟೆ ಕಡಿಮೆಯಾಗಿದೆಯೆಂದನು. ಪುಸ್ತಕದಲ್ಲಿ ಹೀಗಿದೆಯಲ್ಲ, ನಾನೇನು ಮಾಡಲಿ ಎಂದೆನು. ಆತನು ಜಗಳವಾಡಲಿಲ್ಲ. “ಪುಸ್ತಕದಲ್ಲಿ ಏನುಂಟೋ ಗೊತ್ತಿಲ್ಲ ರೈಟ್ರೇ, ಹೊತ್ತದ್ದು ನನ್ನ ಬೆನ್ನಿಗೆ ಗೊತ್ತುಂಟು” ಎಂದಷ್ಟೇ ಹೇಳಿ ಮಳೆಯಲ್ಲಿ ಇಳಿದುಹೋದನು.

ರಾತ್ರಿ ದೀಪದ ಕೆಳಗೆ ಚಿಮಟ ಹಿಡಿದು ಕುಳಿತಿದ್ದಾಗ ಈ ಸಂಗತಿಯನ್ನು ನಗುತ್ತಲೇ ಮನೆಯಾಕೆಗೆ ಹೇಳಿದೆನು. ಆಕೆ ನಗಲಿಲ್ಲ. “ಈ ಬಂಡಿಯ ಹೊಟ್ಟೆಯಡಿಯ ಕಡ್ಡಿಯನ್ನು ಯಾರು ನೋಡುತ್ತಾರೆ ಅಂದರೆ, ನೋಡದಿದ್ದರೂ ಇರಬೇಕು ಅನ್ನುತ್ತೀರಿ. ಆ ಮನುಷ್ಯನ ಮೂಟೆಯ ಲೆಕ್ಕವೂ ಹಾಗೇ ಅಲ್ಲವೇ?” ಎಂದಳು. ನನ್ನ ಕೈಯಲ್ಲಿದ್ದ ತಂತಿ ಅಲ್ಲಿಯೇ ನಿಂತಿತು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆ ಅಕ್ಕಿ ಕದ್ದುದಾಗಿರಲಿಲ್ಲ, ಚೆಲ್ಲಿದುದನ್ನು ಆಯ್ದುದು. ಆದರೂ ಅಂದಿನ ದಾಸೋಹಕ್ಕೆ ಬೇಕಾದುದಕ್ಕಿಂತ ಹೆಚ್ಚಾದುದರಿಂದ ಅದು ಸಲ್ಲದಾಯಿತು. ನನ್ನ ಸ್ಥಿತಿ ಅದಕ್ಕಿಂತ ಬಹಳ ಕೀಳಾದುದು. ನಾನು ಹೆಚ್ಚು ತಂದಿರಲಿಲ್ಲ, ಇನ್ನೊಬ್ಬನಿಗೆ ಸಲ್ಲತಕ್ಕುದನ್ನು ಕಡಿಮೆ ಮಾಡಿದ್ದೆನು. ಆ ಕಡಿಮೆಯಾದ ಹೊತ್ತನ್ನು ತಂದು ಆಟಕ್ಕೆ ಸುರಿದಿದ್ದೆನು. ಹೊತ್ತನ್ನು ಕದಿಯುವುದೂ ಕಳವೇ ಎಂಬುದು ನನಗೆ ಆ ರಾತ್ರಿಯವರೆಗೆ ಹೊಳೆದಿರಲಿಲ್ಲ. ಎದೆಯ ಮೇಲಿನ ಇಷ್ಟಲಿಂಗ ಪೂಜೆಯ ಹೊತ್ತಿನಲ್ಲಿ ಮಾತ್ರವಲ್ಲ, ಉಗ್ರಾಣದಲ್ಲಿ ಸಹಿ ಹಾಕುವಾಗಲೂ ಅಲ್ಲಿಯೇ ಇತ್ತು. ಅದನ್ನು ಧರಿಸಿ, ಇನ್ನೊಬ್ಬ ಸಾಕ್ಷಿ ಯಾರಿಲ್ಲವೆಂದುಕೊಂಡುದು ನನ್ನ ಮರವೆ.

ಮರುದಿನ ಮುಂಜಾನೆ ಆ ಹಿರಿಯನನ್ನೇ ಜೊತೆಗೆ ಕರೆದುಕೊಂಡು ಉಗ್ರಾಣದ ಮೂಟೆಗಳನ್ನು ಎಣಿಸಿದೆನು. ಆತನ ಬೆನ್ನು ಹೇಳಿದುದೇ ಸರಿ, ನನ್ನ ಪುಸ್ತಕವೇ ತಪ್ಪು. ಯಜಮಾನರ ಮುಂದೆ ನನ್ನ ತಪ್ಪೆಂದು ಒಪ್ಪಿಕೊಂಡು ಲೆಕ್ಕ ತಿದ್ದಿದೆನು. ಕೂಲಿ ಆತನಿಗೂ ಜೊತೆಯವರಿಗೂ ಸಂದಿತು. ಇದರಲ್ಲಿ ಹೇಳಿಕೊಳ್ಳತಕ್ಕ ಹಿರಿಮೆಯೇನೂ ಇಲ್ಲ. ಎಣಿಸಬೇಕಾದ ದಿನ ಎಣಿಸದೆ ಮರುದಿನ ಎಣಿಸಿದೆನು, ಅಷ್ಟೆ. ಆಮೇಲೆ ಮನೆಗೆ ಬಂದು ಆ ಮೊದಲನೆಯ ಬಂಡಿಯ ಹನ್ನೊಂದನೆಯ ಅಂಕಿಯನ್ನು ಲೆಕ್ಕ ಹಾಕಿದೆನು. ಅದೂ ತಪ್ಪಾಗಿತ್ತು. ಅದನ್ನೂ ಕೆರೆದು ತಿದ್ದಿದೆನು. ಮೊದಲು ಪುಸ್ತಕ, ಆಮೇಲೆ ಬಂಡಿ. ಈ ಕ್ರಮವನ್ನು ತಲೆಕೆಳಗು ಮಾಡಿದುದೇ ನನ್ನ ದೋಷವಾಗಿತ್ತು.

ಆರಂಭದ ಪ್ರಶ್ನೆಗೆ ಈಗ ಮರಳೋಣ. ಕಾಯಕಕ್ಕೆ ಎರಡು ಮೈಗಳುಂಟು. ಒಂದು ಶುದ್ಧಿ: ನೋಡುವವರಿಲ್ಲದಲ್ಲಿಯೂ ಕೆಲಸ ಸತ್ಯವಾಗಿರಬೇಕು. ಇನ್ನೊಂದು ದಾಸೋಹ: ಕೆಲಸದ ಫಲ ತನ್ನೊಬ್ಬನಲ್ಲಿಯೇ ನಿಲ್ಲದೆ ಇತರರಿಗೆ ಸಲ್ಲಬೇಕು. ಚನ್ನಪಟ್ಟಣದ ಕುಶಲಿಗಳು ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿ ಮಾಡುವ ಗೊಂಬೆಯೂ ಬಂಡಿಯೂ ಆಟಿಕೆಗಳೇ. ಆದರೆ ಅದರಿಂದ ಒಂದು ಮನೆಯ ಒಲೆ ಉರಿಯುತ್ತದೆ, ಮತ್ತೊಂದು ಮನೆಯ ಮಗು ನಗುತ್ತದೆ. ಅಲ್ಲಿ ಎರಡು ಮೈಗಳೂ ಕೂಡಿವೆ, ಆದುದರಿಂದ ಅದು ಕಾಯಕ. ಆಟಿಕೆಯೆಂಬ ಮಾತ್ರಕ್ಕೆ ಕೀಳಲ್ಲ, ಉದ್ಯೋಗವೆಂಬ ಮಾತ್ರಕ್ಕೆ ಮೇಲಲ್ಲ. ನನ್ನ ಪುಟ್ಟ ಬಂಡಿಗೆ ಮೊದಲನೆಯ ಮೈ ಮಾತ್ರ ಇತ್ತು, ನನ್ನ ಉಗ್ರಾಣದ ಕೆಲಸಕ್ಕೆ ಆ ದಿನ ಎರಡೂ ಇರಲಿಲ್ಲ.

ಹಾಗೆಂದು ವಿನೋದವನ್ನು ಬಿಟ್ಟುಬಿಡಬೇಕೆಂದು ನಾನು ಹೇಳಲಾರೆನು. ಪೂಜೆ, ಕಾಯಕ, ಮನೆಯವರಿಗೆ ಸಲ್ಲತಕ್ಕ ಹೊತ್ತು ಇವೆಲ್ಲ ಕಳೆದು ಉಳಿದುದರಲ್ಲಿ ಒಬ್ಬನು ಹಾಡಬಹುದು, ಹೂಗಿಡ ಬೆಳೆಸಬಹುದು, ಬಂಡಿಯನ್ನೂ ಮಾಡಬಹುದು. ಆದರೆ ಅದನ್ನು ಕಾಯಕವೆಂದು ಕರೆದು ತನ್ನನ್ನು ತಾನು ಮೆಚ್ಚಿಕೊಳ್ಳಬಾರದು. ಅದು ಕೈಗೂ ಕಣ್ಣಿಗೂ ಒಂದು ಅಭ್ಯಾಸ. ಅಲ್ಲಿ ಕಲಿತ ಎಚ್ಚರ ಹಗಲಿನ ಕೆಲಸಕ್ಕೆ ನಡೆದು ಬಂದರೆ ಅಭ್ಯಾಸ ಸಾರ್ಥಕ, ಅಲ್ಲಿಯೇ ನಿಂತರೆ ಅದು ಬಣ್ಣ ಬಳಿದ ಸೋಮಾರಿತನ.

ಗೂಡ್ಸ್ ಬಂಡಿಯು ತನ್ನ ತೂಕವೆಷ್ಟು, ತಾನು ಹೊರಬಲ್ಲ ಹೊರೆಯೆಷ್ಟು, ಮುಂದಿನ ದುರಸ್ತಿ ಯಾವಾಗ ಎಂಬುದನ್ನು ತನ್ನ ಮೈಮೇಲೆಯೇ ಬರೆಸಿಕೊಂಡು ಊರೂರು ಸುತ್ತುತ್ತದೆ. ನಮ್ಮ ಮೈಮೇಲೆ ಅಂಥ ಬರಹವಿಲ್ಲ. ನಮ್ಮ ಲೆಕ್ಕವನ್ನು ಬಲ್ಲವರು ನಮ್ಮಿಂದ ಕೂಲಿ ಪಡೆಯುವವರು, ನಮ್ಮ ಮನೆಯವರು, ಅಂಗದ ಮೇಲಿನ ಲಿಂಗ. ಇವರಲ್ಲಿ ಯಾರಾದರೂ ಒಬ್ಬರು ತಪ್ಪು ತೋರಿಸಿದ ದಿನ, ಪುಸ್ತಕವನ್ನು ಮುಂದೊಡ್ಡದೆ, ಎದ್ದು ಹೋಗಿ ಮೂಟೆಗಳನ್ನು ಎಣಿಸುವ ಮನಸ್ಸನ್ನು ಗುರುವು ಕರುಣಿಸಲಿ. ನನ್ನ ಮಾತಿನಲ್ಲಿ ತಪ್ಪಿದ್ದರೆ ಬಲ್ಲವರು ತಿದ್ದಬೇಕು. ಶರಣು.