ಫೇಲು ಹುಡುಗನ ಹೆಸರಲ್ಲ

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯಕ್ಕೇ ಕೊನೆಯ ಜಿಲ್ಲೆಯಾಯಿತು. ಪಾಸಾದವರು ಶೇ 50.59, ಮೊದಲ ಸ್ಥಾನದ ಉಡುಪಿಯಲ್ಲಿ ಶೇ 94. ಪಟ್ಟಿ ಪತ್ರಿಕೆಗಳಲ್ಲಿ ಬಂತು, ನಾಲ್ಕು ದಿನ ಚರ್ಚೆಯಾಯಿತು. ಆದರೆ ಶಹಾಪುರ, ಸುರಪುರ, ಗುರುಮಠಕಲ್ಲಿನ ಮನೆಗಳಲ್ಲಿ ಅದು ನಾಲ್ಕು ದಿನಕ್ಕೆ ಮುಗಿಯುವ ಮಾತಲ್ಲ. ‘ಫೇಲಾದವ’ ಎಂಬ ಹೆಸರು ಒಮ್ಮೆ ಅಂಟಿತೆಂದರೆ ಸೋದರಮಾವ ಮನೆಗೆ ಬಂದಾಗಲೂ ಅದೇ, ಜಾತ್ರೆಯಲ್ಲಿ ಸಿಕ್ಕವರ ಬಾಯಲ್ಲೂ ಅದೇ. ಹುಡುಗಿಯಾದರೆ ಇನ್ನೂ ಕಷ್ಟ. ಓದು ತಲೆಗೆ ಹತ್ತಲಿಲ್ಲ ಎಂಬ ಒಂದೇ ನೆಪಕ್ಕೆ ಮದುವೆಯ ಮಾತು ಶುರುವಾಗುತ್ತದೆ. ಬರಬರುತ್ತ ಮಕ್ಕಳು ತಮ್ಮನ್ನು ತಾವೇ ಆ ಹೆಸರಿನಿಂದ ಕರೆದುಕೊಳ್ಳತೊಡಗುತ್ತಾರೆ. ನನ್ನನ್ನು ಹೆಚ್ಚು ಕಾಡುವುದು ಇದು.

ಇಂಥ ಹೆಸರುಗಳ ಕಟ್ಟು ಬಿಚ್ಚುವುದನ್ನೇ ಮುಖ್ಯ ಕೆಲಸ ಮಾಡಿಕೊಂಡ ಒಂದು ಮನೋಚಿಕಿತ್ಸೆ ಇದೆ. ನರೇಟಿವ್ ಥೆರಪಿ, ಅಂದರೆ ಕಥನ ಚಿಕಿತ್ಸೆ. ಆಸ್ಟ್ರೇಲಿಯದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್‌ಸ್ಟನ್ ಇದನ್ನು ರೂಪಿಸಿದವರು. 1990ರಲ್ಲಿ ಇಬ್ಬರೂ ಸೇರಿ ಬರೆದ ಪುಸ್ತಕದಿಂದ ಅದು ಹೊರಜಗತ್ತಿಗೆ ಹರಡಿತು. ಸಮಸ್ಯೆಯೇ ಬೇರೆ, ಮನುಷ್ಯನೇ ಬೇರೆ ಎಂಬುದು ಅವರ ತಳಹದಿ.

ವೈಟ್ ಬರೆದ ಒಂದು ಪ್ರಸಂಗ ಕೇಳಿ. ಆರು ವರ್ಷದ ಹುಡುಗ, ಚಡ್ಡಿಯಲ್ಲೇ ಕಕ್ಕ ಮಾಡಿಕೊಳ್ಳುತ್ತಾನೆ, ಗೋಡೆಗೆ ಬಳಿಯುತ್ತಾನೆ, ಉಂಡೆ ಕಟ್ಟಿ ಕಪಾಟಿನ ಹಿಂದೆ ಎಸೆಯುತ್ತಾನೆ. ತಾನು ಒಳ್ಳೆಯ ತಾಯಿಯೇ ಅಲ್ಲ ಎಂದು ತಾಯಿ ಕುಗ್ಗಿಹೋಗಿದ್ದಾಳೆ. ತಂದೆ ನಾಚಿಕೆಗೆ ನೆಂಟರನ್ನು, ಗೆಳೆಯರನ್ನು ಬಿಟ್ಟು ದೂರವಾಗಿದ್ದಾನೆ. ಹುಡುಗನಲ್ಲಿ ಏನು ದೋಷ ಎಂದು ವೈಟ್ ಕೇಳಲೇ ಇಲ್ಲ. ಆ ಉಪದ್ರವಕ್ಕೊಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ‘ಕಳ್ಳ ಕಕ್ಕ’ ಎನ್ನೋಣ. ಈ ಕಳ್ಳ ಮನೆಯಲ್ಲಿ ಯಾರ್ಯಾರಿಗೆ ಏನೇನು ಮಾಡಿದ್ದಾನೆ? ಅವನು ಕರೆದರೂ ನೀವು ಹೋಗದಿದ್ದ ದಿನ ಯಾವುದು? ಹುಡುಗನಿಗೆ ಅಂಥ ಕೆಲವು ಗಳಿಗೆಗಳು ನೆನಪಾದವು. ತಾಯಿಗೂ ನೆನಪಾಯಿತು. ಒಬ್ಬರನ್ನೊಬ್ಬರು ದೂರುತ್ತಿದ್ದ ಮೂವರೂ ಒಂದು ಕಡೆಯಾದರು, ಕಳ್ಳ ಇನ್ನೊಂದು ಕಡೆಯಾದ.

ಒಬ್ಬರ ಮೇಲೆ ಅಂಟಿಸಿದ ಕಥೆಯನ್ನು ಯಾರು ಹೇಳಿದ್ದು, ಹೇಳುವ ಅಧಿಕಾರ ಅವರಿಗೆ ಎಲ್ಲಿಂದ ಬಂತು ಎಂದೂ ಈ ಚಿಕಿತ್ಸೆ ಕೇಳುತ್ತದೆ. ಸುರಪುರದವರಿಗೆ ಇದು ಹೊಸ ಪ್ರಶ್ನೆಯೇನಲ್ಲ. 1858ರಲ್ಲಿ ಸೆರೆಯಲ್ಲಿದ್ದ ರಾಜಾ ವೆಂಕಟಪ್ಪ ನಾಯಕ ಹೇಗೆ ತೀರಿಕೊಂಡ ಎಂಬುದನ್ನು ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟಿದ್ದಾನೆ. ಊರು ಮಾತ್ರ ತನ್ನ ರಾಜನ ಕಥೆಯನ್ನು ತಾನೇ ಬೇರೆ ರೀತಿ ಹೇಳಿಕೊಂಡು ಬಂದಿದೆ. ‘ಫೇಲಾದವ’ ಎಂಬ ಕಥೆಯನ್ನೂ ಹಾಗೇ ವಿಚಾರಿಸಬೇಕು. ಹತ್ತಿ ಬಿಡಿಸುವ ಕಾಲಕ್ಕೆ, ಮೆಣಸಿನಕಾಯಿ ಹರಿಯುವ ಕಾಲಕ್ಕೆ ಹೊಲಕ್ಕೆ ಹೋದ ಮಗು, ಅಪ್ಪ ಅವ್ವನ ಹಿಂದೆ ಬೆಂಗಳೂರಿಗೆ ಗುಳೆ ಹೋಗಿ ವರ್ಷದ ನಡುವೆ ಮರಳಿದ ಮಗು, ಗಣಿತಕ್ಕೆ ಮೇಷ್ಟರೇ ಇಲ್ಲದ ಶಾಲೆಯ ಮಗು. ಇವರ ಅಂಕಪಟ್ಟಿಯಲ್ಲಿ ಇದ್ಯಾವುದಕ್ಕೂ ಕಾಲಂ ಇಲ್ಲ.

ಶಹಾಪುರದ ಕಡೆಯ ಹುಡುಗನೊಬ್ಬ ಇಂಥ ಚಿಕಿತ್ಸಕರ ಎದುರು ಕೂತಿದ್ದಾನೆ ಎಂದುಕೊಳ್ಳಿ.

“ಈ ಫೇಲು ಅನ್ನೋದು ದಿನದಾಗ ಯಾವ ಹೊತ್ತಿನಾಗ ನಿನ್ನ ಭಾಳ ಕಾಡ್ತದಪ?”

“ಮುಂಜಾನಿರಿ. ದೋಸ್ತ್‌ರು ಬಸ್‌ಸ್ಟ್ಯಾಂಡಿನಾಗ ಕಾಲೇಜಿಗಿ ನಿಂತಿರ್ತಾರ.”

“ಅದರ ನೆನಪೇ ಬರದ ದಿನ ಯಾವುದರ ಇತ್ತೇನು?”

ಬಹಳ ಹೊತ್ತು ಸುಮ್ಮನಿದ್ದು ಹೇಳುತ್ತಾನೆ: “ತಂಗಿಗಿ ಜ್ವರ ಬಂದಿತ್ರಿ. ಅಪ್ಪ ಅವ್ವ ಬೆಂಗಳೂರಾಗ ಇದ್ರು. ನಾನೇ ದವಾಖಾನಿಗಿ ಒಯ್ದೆ. ರಾತ್ರಿ ಎಲ್ಲ ಅಲ್ಲೇ ಕುಂತಿದ್ದೆ. ಅವತ್ತು ನೆನಪಾಗಲಿಲ್ಲರಿ.”

“ಇದನ್ನ ಕೇಳಿದ್ರ, ಇಂವ ಹಿಂಗೇ ಮಾಡ್ತಾನ ಅಂತ ನನಗ ಮೊದಲೇ ಗೊತ್ತಿತ್ತು ಅನ್ನೋರು ಯಾರರ ಅದಾರೇನು?”

“ನಮ್ಮ ಮುತ್ಯಾ ಅಂತಾನ್ರಿ.”

ಮುಂದಿನ ಸಲ ಮುತ್ಯಾನನ್ನೂ ಕರೆಸಬಹುದು. ಮೊಮ್ಮಗನಲ್ಲಿ ತಾನು ಕಂಡದ್ದನ್ನು ಆತ ಎಲ್ಲರ ಎದುರು ಹೇಳಬಹುದು. ಎಪ್‌ಸ್ಟನ್ ಭೇಟಿ ಮುಗಿದ ಮೇಲೆ ಕಾಗದ ಬರೆಯುತ್ತಿದ್ದರು. ಭಯ ಗೆದ್ದ ಮಕ್ಕಳಿಗೆ ಅವರೂ ವೈಟ್ ಅವರೂ ಪ್ರಮಾಣಪತ್ರ ಕೊಡುತ್ತಿದ್ದರು. ಅಂಕಪಟ್ಟಿ ಒಂದನ್ನೇ ಕಾಗದವೆಂದು ನಂಬಿದ ಮನೆಯಲ್ಲಿ ಅಂಥದೊಂದು ಹಾಳೆಯ ಬೆಲೆ ಎಷ್ಟಿದ್ದೀತು ಎಂದು ನಾನು ಯೋಚಿಸುತ್ತೇನೆ.

ಇದರ ಮಿತಿಯನ್ನೂ ಹೇಳಬೇಕು. ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳುವುದು, ವಾರಗಟ್ಟಲೆ ನಿದ್ದೆ ಊಟ ಬಿಡುವುದು, ಸಾಯುವ ಮಾತಾಡುವುದು ಕಂಡರೆ ಮೊದಲು ಮನೋವೈದ್ಯರಲ್ಲಿಗೆ. ಔಷಧ ಬೇಕಾದವರಿಗೆ ಔಷಧವೇ ಬೇಕು; ಮಾತು ಅದರ ಜೊತೆಗೆ ಬರಲಿ. ಗಾಳಿ ಸೋಂಕಿದೆ ಎಂದು ಗುಡಿ ದರ್ಗಾ ಸುತ್ತಿಸುತ್ತ ತಿಂಗಳು ಕಳೆಯಬೇಡಿ. ಹರಕೆ ಹೊತ್ತವರೂ ಅದೇ ವಾರ ದವಾಖಾನೆಗೆ ಹೋಗಬಹುದು.

ಹೋಗುವುದು ಎಲ್ಲಿಗೆ? ಕಥನ ಚಿಕಿತ್ಸೆ ಎಂಬ ಬೋರ್ಡು ಹುಡುಕಿಕೊಂಡು ಯಾದಗಿರಿಯ ಬೀದಿಗಳಲ್ಲಿ ಅಲೆಯಬೇಕಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಜಿಲ್ಲಾಸ್ಪತ್ರೆಯಲ್ಲಿ ಸಿಗುತ್ತಾರೆ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ಶಹಾಪುರ, ಸುರಪುರದವರು ಯಾವ ಮಂಗಳವಾರ ಎಂದು ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಬಸ್ಸಿನ ಖರ್ಚಿಗೂ ಇಲ್ಲದವರಿಗೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಿಗೆ ಫೋನ್ ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲಿ ಮಾತಾಡಬಹುದು.

ಖಾಸಗಿಯಾಗಿ ಹುಡುಕುವವರು, ಅದರಲ್ಲೂ ವಿಡಿಯೊ ಕರೆಯಲ್ಲಿ ಬೆಂಗಳೂರಿನವರ ಬಳಿ ಮಾತಾಡುವವರು, ಸಂಕೋಚ ಬಿಟ್ಟು ಕೇಳಬೇಕು. ಏನು ಓದಿದ್ದೀರಿ? ಈ ಪದ್ಧತಿ ಕಲಿತದ್ದು ಯಾರ ಬಳಿ? ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ? ಕೌನ್ಸೆಲರ್ ಎಂಬ ಬೋರ್ಡನ್ನು ನಾಲ್ಕು ದಿನದ ಕೋರ್ಸು ಮಾಡಿದವರೂ ಹಾಕಿಕೊಳ್ಳುವುದರಿಂದ ಈ ವಿಚಾರಣೆಯಲ್ಲಿ ಅಗೌರವವೇನೂ ಇಲ್ಲ. ಶುಲ್ಕ ಎಷ್ಟು, ನಾವು ಹೇಳಿದ್ದು ಗುಟ್ಟಾಗಿ ಉಳಿಯುತ್ತದೆಯೇ ಎಂದೂ ಕೇಳಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯ ಗುಟ್ಟು ಕಾಯುವುದನ್ನು ಕಡ್ಡಾಯ ಮಾಡಿದೆ.

ಇವೆಲ್ಲಕ್ಕಿಂತ ನಾನು ಮೊದಲು ನೋಡುವುದು ಭಾಷೆಯನ್ನು. ನಮ್ಮ ಕಡೆಯ ಮಾತನ್ನು ತಿದ್ದದೆ ಕೇಳುವವರು ಬೇಕು. ಮನೆಯಲ್ಲಿ ದಖನಿ, ಲಂಬಾಣಿ, ತೆಲುಗು ಆಡುವ ಮಕ್ಕಳೂ ಇಲ್ಲಿದ್ದಾರೆ; ಅವರು ತಮ್ಮ ಮಾತಿನಲ್ಲೇ ಅಳಲು, ನಗಲು ಅವಕಾಶ ಇರಬೇಕು. ಮೊದಲ ಅರ್ಧ ಗಂಟೆಯಲ್ಲೇ ‘ನೀನು ಇಂಥವನು’ ಎಂದು ತೀರ್ಪು ಕೊಡುವವರ ಬಳಿ ಎರಡನೇ ಸಲ ಹೋಗಬೇಕಿಲ್ಲ. ಊರು ಕೊಟ್ಟ ಒಂದು ಹೆಸರೇ ಸಾಕಾಗಿದೆ, ಅದರ ಮೇಲೆ ಇಂಗ್ಲಿಷಿನ ಇನ್ನೊಂದು ಯಾಕೆ?

ಈಗ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲ ಫಲಿತಾಂಶ ಬಂದ ವಾರವೇ ಜಿಲ್ಲೆಯ ಆಪ್ತಸಮಾಲೋಚಕರು ಪ್ರೌಢಶಾಲೆಗಳಿಗೆ ಬರಲಿ ಎಂದು ಶಿಕ್ಷಣ ಇಲಾಖೆಯನ್ನೂ ಆರೋಗ್ಯ ಇಲಾಖೆಯನ್ನೂ ಕೇಳುತ್ತೇನೆ. ಪಾಸಾಗದವರ ಪಟ್ಟಿ ಮುಖ್ಯ ಶಿಕ್ಷಕರ ಕೈಯಲ್ಲಿ ಅವತ್ತೇ ಇರುತ್ತದೆ. ಮುಂದಿನ ಪರೀಕ್ಷೆಗೆ ಹೆಸರು ನೋಂದಾಯಿಸಲು ಹೇಳುವ ಮುಂಚೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, ಈ ವರ್ಷ ನಿನಗೆ ಏನೇನಾಯಿತು ಎಂದು ಕೇಳಲಿ.